ಸರ್ಕಾರಿ ಡಾಕ್ಟರ ಚೀಟಿ, ಬೆಂಗಳೂರಿನ ಪಟ್ಟಿ

"ಸರ್ಕಾರಿ ಆಸ್ಪತ್ರೆ ಡಾಕ್ಟ್ರಿಗೆ ಒಳ್ಳೆ ಮಾತ್ರೆ ಬರೆಯೋಕೆ ಪರ್ಮಿಶನ್ನೇ ಇಲ್ಲವಂತೆ ಮಾರಾಯ್ರೆ!" ಸಾಗರ, ಹೊಸನಗರ, ತೀರ್ಥಹಳ್ಳಿಯ ಬಸ್ ಸ್ಟ್ಯಾಂಡುಗಳಲ್ಲಿ, ಸೊಸೈಟಿಯ ಜಗಲಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಕಿಟಕಿಯಲ್ಲಿ ಸಿಕ್ಕಿದ್ದು ನಾಲ್ಕು ಬಿಳಿ ಮಾತ್ರೆ, ಸಿಗದೇ ಇದ್ದದ್ದು ಪಟ್ಟಣದ ಖಾಸಗಿ ಡಾಕ್ಟರು ಬರೆದುಕೊಟ್ಟ ಹೆಸರಿನ ಮಾತ್ರೆ. ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ತಪ್ಪು. ಕಾನೂನು ಏನು ಹೇಳುತ್ತದೆ, ಪಟ್ಟಿಯಲ್ಲಿ ಏನಿದೆ, ಕಪಾಟಿನಲ್ಲಿ ಏನಿದೆ ಎಂಬ ಮೂರು ಬೇರೆ ಬೇರೆ ಸಂಗತಿಗಳು ಈ ಮಾತಿನಲ್ಲಿ ಕಲಸಿಹೋಗಿವೆ.

ಕಾನೂನಿನ ವಿಷಯ ಚಿಕ್ಕದು. ಎಂಬಿಬಿಎಸ್ ಮುಗಿಸಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡ ಡಾಕ್ಟರು ದೇಶದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿರುವ ಹೆಚ್ಚುಕಡಿಮೆ ಎಲ್ಲ ಔಷಧಿಗಳನ್ನೂ ಬರೆಯಬಹುದು. ಸಂಬಳ ಸರ್ಕಾರದ್ದು ಎಂಬ ಕಾರಣಕ್ಕೆ ಆ ಅಧಿಕಾರ ಮೊಟಕಾಗುವುದಿಲ್ಲ. ಹೊರತಾದವು ಕೆಲವೇ: ಗರ್ಭಪಾತದ ಮಾತ್ರೆಗೆ ಪ್ರತ್ಯೇಕ ಕಾಯ್ದೆ ಇದೆ, ಮಾಮೂಲಿ ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್‌ನಂಥ ಮಾತ್ರೆ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ದಾರಿಯಿಂದಲೇ ಬರುತ್ತದೆ. ಉಳಿದಂತೆ ಹೊಸನಗರ ತಾಲ್ಲೂಕಿನ ಮೂಲೆಯ ಪಿಎಚ್‌ಸಿಯಲ್ಲಿ ಕೂತ ಡಾಕ್ಟರ ಸಹಿಗೂ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರ ಸಹಿಗೂ ಕಾನೂನಿನ ಕಣ್ಣಲ್ಲಿ ಒಂದೇ ಬೆಲೆ.

ಹಾಗಾದರೆ ಮಿತಿ ಇರುವುದೆಲ್ಲಿ? ಸರ್ಕಾರ ಯಾವುದನ್ನು ಪುಕ್ಕಟೆ ಕೊಡುತ್ತದೆ ಎಂಬಲ್ಲಿ.

ಇದನ್ನು ತಿಳಿಯಲು ಬ್ರಿಟನ್ನಿನ ಕಡೆ ಒಮ್ಮೆ ನೋಡಿ ಬರಬಹುದು. ಅಲ್ಲಿ ಪ್ರತಿ ಊರಿಗೂ ಸರ್ಕಾರಿ ವ್ಯವಸ್ಥೆಯ ಕುಟುಂಬ ವೈದ್ಯರಿದ್ದಾರೆ. ಅವರು ಚೀಟಿ ಬರೆದರೆ ಔಷಧಿಯ ಖರ್ಚು ಬಹುಪಾಲು ಸರ್ಕಾರದ ಮೇಲೆ ಬೀಳುತ್ತದೆ. ಹಾಗಾಗಿ 1985ರ ಏಪ್ರಿಲ್‌ನಲ್ಲಿ ಥ್ಯಾಚರ್ ಸರ್ಕಾರ ಅಲ್ಲಿನ ಡಾಕ್ಟರುಗಳು ಸರ್ಕಾರದ ಖರ್ಚಿನಲ್ಲಿ ಬರೆಯಬಾರದ ಔಷಧಿಗಳ ಪಟ್ಟಿಯನ್ನು ಜಾರಿಗೆ ತಂದಿತು. ನೆಗಡಿ-ಕೆಮ್ಮಿನ ಸಿರಪ್ಪು, ಟಾನಿಕ್ಕು, ಹೊಟ್ಟೆಯುರಿಯ ಔಷಧಿ, ವಿಟಮಿನ್ನು, ಕೆಲವು ನಿದ್ದೆ ಮಾತ್ರೆ ಎಲ್ಲ ಅದರಲ್ಲಿ ಸೇರಿದವು. ಡಾಕ್ಟರುಗಳೂ ಔಷಧಿ ಕಂಪನಿಗಳೂ ಜಗಳಕ್ಕೆ ನಿಂತರೂ ಪಟ್ಟಿ ಉಳಿಯಿತು. 2018ರಲ್ಲಿ ಇಂಗ್ಲೆಂಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಲೆಹೊಟ್ಟು, ಸಣ್ಣ ತಲೆನೋವಿನಂಥ 35 ತೊಂದರೆಗಳಿಗೆ ಅಂಗಡಿಯಲ್ಲಿ ಸಿಗುವ ಔಷಧಿಯನ್ನು ಡಾಕ್ಟರು ಮಾಮೂಲಾಗಿ ಬರೆಯಬೇಕಿಲ್ಲ ಎಂದು ಸೂಚಿಸಿತು. ಅಲ್ಲಿ ಇರುವುದು ಬರೆಯಬಾರದ್ದರ ಪಟ್ಟಿ. ನಮ್ಮಲ್ಲಿ ಇರುವುದು ಕೊಡಬೇಕಾದ್ದರ ಪಟ್ಟಿ. ಪಟ್ಟಿಯ ಹೊರಗಿನದನ್ನು ನಮ್ಮ ಡಾಕ್ಟರು ಬರೆದರೆ ಕಾನೂನು ಮುರಿದಂತಾಗುವುದಿಲ್ಲ, ನಮ್ಮ ಜೇಬಿಗೆ ತೂತು ಬೀಳುತ್ತದೆ.

ನಮ್ಮ ಪಟ್ಟಿಗೂ ಒಂದು ಚರಿತ್ರೆ ಇದೆ. ಬೇಕಾದಷ್ಟೇ ಔಷಧಿ ಸಾಕು, ಬ್ರ್ಯಾಂಡಿನ ಹೆಸರುಗಳನ್ನು ಹಂತ ಹಂತವಾಗಿ ಕೈಬಿಡಿ ಎಂದು 1975ರಲ್ಲೇ ಹಾಥಿ ಸಮಿತಿ ಕೇಂದ್ರ ಸರ್ಕಾರಕ್ಕೆ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಮೊದಲ ಅಗತ್ಯ ಔಷಧಿಗಳ ಪಟ್ಟಿಯನ್ನು ತಂದದ್ದು 1977ರಲ್ಲಿ. ನಮ್ಮ ದೇಶದ ಮೊದಲ ರಾಷ್ಟ್ರೀಯ ಪಟ್ಟಿ ಹೊರಬರಲು 1996ರವರೆಗೆ ಕಾಯಬೇಕಾಯಿತು. ಆಮೇಲೆ 2003, 2011, 2015ರಲ್ಲಿ ತಿದ್ದುಪಡಿ ಆಗಿ, 2022ರ ಸೆಪ್ಟೆಂಬರಿನ ಪಟ್ಟಿಯಲ್ಲಿ 384 ಔಷಧಿಗಳಿವೆ. ಆ ಸಲ 34 ಹೊಸದಾಗಿ ಸೇರಿದವು, 26 ಹೊರಬಿದ್ದವು. ಹೊರಬಿದ್ದವುಗಳಲ್ಲಿ ರಾನಿಟಿಡಿನ್ ಒಂದು. ಊಟ ಹೆಚ್ಚಾದಾಗ, ನೋವಿನ ಮಾತ್ರೆಯ ಜೊತೆಗೆ, ಏನೂ ತೋಚದಿದ್ದಾಗ, ಹೀಗೆ ಮೂವತ್ತು ವರ್ಷ ನಮ್ಮವರು ನುಂಗಿದ ಗ್ಯಾಸ್ಟ್ರಿಕ್ ಮಾತ್ರೆ ಅದು. ಅದರಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ಕಲ್ಮಶ ಇರಬಹುದು ಎಂಬ ಆತಂಕ ಬೇರೆ ದೇಶಗಳಲ್ಲಿ ಎದ್ದ ಮೇಲೆ ಪಟ್ಟಿಯಿಂದ ಬಿಟ್ಟರು. ಆದರೂ ಕೆಲವರು ಇವತ್ತಿಗೂ ಅದನ್ನೇ ಹೆಸರು ಹಿಡಿದು ಕೇಳುತ್ತಾರೆ. ಹಾಗೆ ಕೇಳಿದಾಗ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬೇರೆ ಮಾತ್ರೆ ಕೊಟ್ಟರೆ ಅದು ಜಿಪುಣತನವಲ್ಲ, ತಿಳಿವಳಿಕೆ.

ರಾಷ್ಟ್ರೀಯ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಅದು ನಿಮ್ಮೂರಿನ ಪಿಎಚ್‌ಸಿಯಲ್ಲಿ ಇರುತ್ತದೆ ಎಂದೇನೂ ಅಲ್ಲ. 2022ರ ಪಟ್ಟಿಗೆ ಸೇರಿದ ಗ್ಲಾರ್ಜಿನ್ ಎಂಬ ದುಬಾರಿ ಇನ್ಸುಲಿನ್ನನ್ನೇ ತೆಗೆದುಕೊಳ್ಳಿ: ಅದನ್ನು ಸೇರಿಸಿದ್ದರಿಂದ ಆದ ಮೊದಲ ಲಾಭ ಎಂದರೆ ಅದರ ಬೆಲೆಗೆ ಕೇಂದ್ರ ಮಿತಿ ಹಾಕಲು ದಾರಿಯಾದದ್ದು. ಆಸ್ಪತ್ರೆಯಲ್ಲಿ ಏನಿರಬೇಕು ಎಂಬುದನ್ನು ರಾಜ್ಯ ತನ್ನದೇ ಪಟ್ಟಿ ಮಾಡಿ, ಹಂತ ಹಂತವಾಗಿ ಹಂಚುತ್ತದೆ. ಕೇಂದ್ರದ ಮಾನದಂಡದ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ 172, ಅದಕ್ಕಿಂತ ಕೆಳಗಿನ ಉಪಕೇಂದ್ರದಲ್ಲಿ ನೂರೈದರ ಆಸುಪಾಸು ಔಷಧಿಗಳಿರಬೇಕು. ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಎಂದು ಮೇಲೆ ಹೋದಂತೆ ಪಟ್ಟಿ ಉದ್ದವಾಗುತ್ತದೆ.

ಈ ಏಣಿಯ ಅರ್ಥ ಊರಿನಿಂದ ಊರಿಗೆ ಬದಲಾಗುತ್ತದೆ. ವರದಹಳ್ಳಿಯವರಿಗೆ ಸಾಗರದ ಉಪವಿಭಾಗೀಯ ಆಸ್ಪತ್ರೆ ಆರೇಳು ಕಿಲೋಮೀಟರು. ಅಲ್ಲಿನ ಶ್ರೀಧರಾಶ್ರಮಕ್ಕೆ ಬಂದ ಭಕ್ತರಿಗೆ ಮೆಟ್ಟಿಲು ಹತ್ತುವಾಗ ತಲೆ ತಿರುಗಿದರೂ ಅರ್ಧ ಗಂಟೆಯಲ್ಲಿ ಸಾಗರ ಮುಟ್ಟಬಹುದು. ಶರಾವತಿ ಹಿನ್ನೀರಿನ ಆಚೆ ತುಮರಿ ಸೀಮೆಯವರಿಗೆ ಹಾಗಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಗುವವರೆಗೆ ಅವರು ಲಾಂಚಿನ ಹೊತ್ತಿಗೆ ಕಾಯಿಲೆ ಬೀಳಬೇಕಿತ್ತು. ನಗರ, ನಿಟ್ಟೂರು, ಆಗುಂಬೆ ಕಡೆಯವರಿಗೆ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ತಾಲ್ಲೂಕು ಆಸ್ಪತ್ರೆ ಇದ್ದೂ ಇಲ್ಲದಂತೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಅಂತೂ ಎಲ್ಲರಿಗೂ ದೂರ. ಇಂಥ ಊರುಗಳಲ್ಲಿ "ಈ ಔಷಧಿ ಮೇಲಿನ ಹಂತದಲ್ಲಿ ಸಿಗುತ್ತದೆ" ಎಂಬ ವಾಕ್ಯಕ್ಕೆ ಒಂದು ದಿನದ ಕೂಲಿ, ಎರಡು ಬಸ್ ಚಾರ್ಜು, ಜೊತೆಗೆ ಬರುವವರ ಊಟ ಎಂದು ಅರ್ಥ.

ಇನ್ನು ದಾಸ್ತಾನು. ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಪಿಎಚ್‌ಸಿಯ ಫಾರ್ಮಸಿ ಅಧಿಕಾರಿ ಮುಂದಿನ ವರ್ಷಕ್ಕೆ ಯಾವುದು ಎಷ್ಟು ಬೇಕು ಎಂದು ಇಂಡೆಂಟ್ ಹಾಕುತ್ತಾರೆ. ಎಲ್ಲ ಇಂಡೆಂಟುಗಳನ್ನೂ ಕೂಡಿಸಿ ಬೆಂಗಳೂರಿನಲ್ಲಿ ಟೆಂಡರು ಕರೆಯುತ್ತಾರೆ. ಬಂದ ಮಾಲು ಜಿಲ್ಲೆಯ ಉಗ್ರಾಣಕ್ಕೆ, ಅಲ್ಲಿಂದ ಪಿಎಚ್‌ಸಿಗೆ. ಸ್ಟ್ರಿಪ್ಪಿನ ಮೇಲೆ ಸರ್ಕಾರಿ ಸರಬರಾಜು, ಮಾರಾಟಕ್ಕಿಲ್ಲ ಎಂಬ ಮುದ್ರೆ ಇರುತ್ತದೆ. ತಮಿಳುನಾಡು 1994ರಲ್ಲೇ ಇಂಥ ನಿಗಮ ಕಟ್ಟಿ ಇಡೀ ದೇಶಕ್ಕೆ ಮಾದರಿಯಾಯಿತು. ನಮ್ಮದರಲ್ಲಿ ಟೆಂಡರು ತಡವಾಯಿತು, ಕಂಪನಿ ಪೂರೈಸಲಿಲ್ಲ, ಬಿಲ್ಲು ಬಾಕಿ ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಆ ತಡದ ಕೊನೆಯ ಕೊಂಡಿ ಪಿಎಚ್‌ಸಿಯ ಕಿಟಕಿ. ಬಯ್ಗುಳ ತಿನ್ನುವವರು ಅಲ್ಲಿ ಕೂತ ಫಾರ್ಮಸಿ ಅಧಿಕಾರಿ.

ದಾಸ್ತಾನು ಮುಗಿದಾಗ ಏನು ಮಾಡಬೇಕು? ಹೊರಗೆ ಚೀಟಿ ಬರೆಯಬೇಡಿ ಎಂದು ಸರ್ಕಾರ ಡಾಕ್ಟರುಗಳಿಗೆ ಮತ್ತೆ ಮತ್ತೆ ಸುತ್ತೋಲೆ ಕಳಿಸಿದೆ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಕೊಂಡು ರೋಗಿಗೆ ಕೊಡಿ ಎಂಬುದು ಅದರ ದಾರಿ. ಕಾಗದದ ಮೇಲೆ ಸರಿಯಾದದ್ದೇ. ಆದರೆ ಸಮಿತಿಯ ಹಣ ಅಷ್ಟಕ್ಕಷ್ಟೆ, ಅದರಲ್ಲೇ ಬಲ್ಬು, ಫಿನಾಯಿಲು, ಜನರೇಟರಿನ ಡೀಸೆಲ್ಲು ಎಲ್ಲ ಆಗಬೇಕು. ಕಪಾಟಿನಲ್ಲಿ ಇಲ್ಲ, ಹೊರಗೆ ಬರೆಯುವಂತಿಲ್ಲ, ಕೊಳ್ಳಲು ದುಡ್ಡಿಲ್ಲ ಎಂದಾದಾಗ ಡಾಕ್ಟರು ಆಸ್ಪತ್ರೆಯ ಚೀಟಿ ಬಿಟ್ಟು ಸಣ್ಣ ಬಿಳಿ ಹಾಳೆಯೊಂದರಲ್ಲಿ ಮಾತ್ರೆಯ ಹೆಸರು ಗೀಚಿ ಕೊಡುತ್ತಾರೆ. ಸೀಲಿಲ್ಲ, ಸಹಿಯಿಲ್ಲ, ದಿನಾಂಕವಿಲ್ಲ. ಲಂಚಕೋರತನವೂ ಕೆಲವೆಡೆ ಈ ಬಿಳಿ ಹಾಳೆಯ ಹಿಂದೆ ಇದ್ದೀತು. ನನ್ನ ಮಟ್ಟಿಗೆ ದೊಡ್ಡ ಕೆಡುಕು ಬೇರೆ: ಆ ಹಾಳೆ ಲೆಕ್ಕಕ್ಕೆ ಸಿಗುವುದಿಲ್ಲ. ಯಾವ ಔಷಧಿ ಎಷ್ಟು ಜನಕ್ಕೆ ಸಿಗಲಿಲ್ಲ ಎಂಬುದು ಎಲ್ಲೂ ದಾಖಲಾಗದೆ, ಮುಂದಿನ ವರ್ಷದ ಇಂಡೆಂಟಿನಲ್ಲೂ ಅದೇ ಕೊರತೆ ಮುಂದುವರಿಯುತ್ತದೆ. ಸುತ್ತೋಲೆ ಹೊರಗಿನ ಚೀಟಿಯನ್ನು ನಿಲ್ಲಿಸಲಿಲ್ಲ, ಅದನ್ನು ಕಣ್ಮರೆ ಮಾಡಿತು, ಅಷ್ಟೆ. ಅದರ ಬದಲು 'ದಾಸ್ತಾನು ಇಲ್ಲ' ಎಂದು ಆಸ್ಪತ್ರೆಯ ಚೀಟಿಯಲ್ಲೇ ಬರೆದು ಕೊಡಿ ಎಂದು ಹೇಳಿದ್ದರೆ ಬೆಂಗಳೂರಿಗೆ ನಿಜ ಗೊತ್ತಾಗುತ್ತಿತ್ತು.

ಈಗ ಹೆಸರಿನ ವಿಷಯ. ಇದರಲ್ಲೇ ಹೆಚ್ಚು ಗೊಂದಲ, ಇದರಲ್ಲೇ ಹೆಚ್ಚು ಅಪಾಯ.

ವರದಹಳ್ಳಿ ಕಡೆಯ ಹಿರಿಯರೊಬ್ಬರಿಗೆ ಬಿಪಿ ಇದೆ ಎಂದಿಟ್ಟುಕೊಳ್ಳಿ. ಮಗ ಬೆಂಗಳೂರಿನಿಂದ ಬಂದಾಗ ಸಾಗರದ ಖಾಸಗಿ ಡಾಕ್ಟರಿಗೆ ತೋರಿಸಿದ. ಅವರು ಟೆಲ್ಮಾ 40 ಬರೆದರು. ಆರು ತಿಂಗಳ ಮೇಲೆ ಆಶಾ ಕಾರ್ಯಕರ್ತೆ "ಅಜ್ಜಾ, ಬಿಪಿ ಮಾತ್ರೆ ನಮ್ಮಲ್ಲೇ ಪುಕ್ಕಟೆ ಕೊಡ್ತಾರೆ, ಬನ್ನಿ" ಎಂದು ಕರೆದರು. ಸರ್ಕಾರಿ ಕಿಟಕಿಯಲ್ಲಿ ಟೆಲ್ಮಿಸಾರ್ಟನ್ 40 ಎಂದು ಬರೆದ, ಕೇಳರಿಯದ ಕಂಪನಿಯ ಸ್ಟ್ರಿಪ್ ಸಿಕ್ಕಿತು. ಎರಡೂ ಒಂದೇ ಔಷಧಿ. ಅಜ್ಜನಿಗೆ ಅದು ಗೊತ್ತಿಲ್ಲ. ಡಾಕ್ಟರು ಕೊಟ್ಟದ್ದು ಬೆಳಿಗ್ಗೆ, ಸರ್ಕಾರ ಕೊಟ್ಟದ್ದು ರಾತ್ರಿ ಎಂದು ಎರಡನ್ನೂ ನುಂಗಿ, ನಾಲ್ಕನೇ ದಿನ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬೀಳುತ್ತಾರೆ. ಇಂಥದ್ದು ಆಗುವುದಿಲ್ಲ ಎನ್ನುವ ಡಾಕ್ಟರು ಯಾರೂ ಇರಲಾರರು.

ಇದಕ್ಕೆ ಮದ್ದು ಔಷಧಿಯ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು ಬರೆಯುವುದು. ಡಾಕ್ಟರುಗಳು ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿಸಂಹಿತೆಗೆ 2016ರಲ್ಲಿ ತಿದ್ದುಪಡಿ ತಂದರು. ಬಹಳ ಮಂದಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಇನ್ನೂ ಗಟ್ಟಿಯಾದ ನಿಯಮ ಹೊರಡಿಸಿತು. ಬರೆಯದಿದ್ದರೆ ಕ್ರಮ ಎಂದಿತು. ಭಾರತೀಯ ವೈದ್ಯಕೀಯ ಸಂಘ ಎದ್ದು ನಿಂತಿತು. ತಿಂಗಳು ತುಂಬುವ ಮೊದಲೇ ಆಯೋಗ ತನ್ನ ನಿಯಮವನ್ನು ತಡೆಹಿಡಿದು ಹಳೆಯದನ್ನೇ ಮತ್ತೆ ಜಾರಿಗೆ ತಂದಿತು.

ಡಾಕ್ಟರುಗಳ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ನಾನು ಮೂಲ ಹೆಸರು ಬರೆದರೆ ಯಾವ ಕಂಪನಿಯದು ಕೊಡಬೇಕೆಂದು ಮೆಡಿಕಲ್ ಶಾಪಿನವನು ತೀರ್ಮಾನಿಸುತ್ತಾನೆ, ಅವನು ಹೆಚ್ಚು ಲಾಭ ಸಿಗುವುದನ್ನೇ ಕೊಡುತ್ತಾನೆ, ಗುಣಮಟ್ಟ ಕೆಟ್ಟರೆ ಹೆಸರು ಕೆಡುವುದು ನನ್ನದು ಎಂದು ಅವರು ಹೇಳುತ್ತಾರೆ. ಇದಕ್ಕೆ ಇನ್ನೊಂದು ಮುಖವೂ ಉಂಟು, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಡಾಕ್ಟರ ಚೀಟಿ ಬೇಕೇ ಬೇಕಾದ ಔಷಧಿಗಳಲ್ಲಿ, ಚೀಟಿಯಲ್ಲಿ ಬರೆದದ್ದರ ಬದಲು ಬೇರೆಯದನ್ನು, ಒಳಗಿರುವ ಮದ್ದು ಒಂದೇ ಆದರೂ, ಅಂಗಡಿಯವರು ಕೊಡುವಂತಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮ ಹಾಗೆ ಹೇಳುತ್ತದೆ. ಅಂದರೆ ಡಾಕ್ಟರು ಟೆಲ್ಮಾ ಎಂದು ಬರೆದರೆ ಅರ್ಧ ಬೆಲೆಗೆ ಸಿಗುವ ಟೆಲ್ಮಿಸಾರ್ಟನ್ ಕೊಡುವುದು ಅಂಗಡಿಯವರಿಗೆ ನಿಯಮಬಾಹಿರ. ಒಂದು ಕಡೆ ಜೆನೆರಿಕ್ ಕೊಳ್ಳಿ ಎಂದು ಜಾಹೀರಾತು, ಇನ್ನೊಂದು ಕಡೆ ಬದಲಿಸಿದರೆ ತಪ್ಪು ಎಂಬ ನಿಯಮ. ಕೇಂದ್ರ ಸರ್ಕಾರ ಮೊದಲು ಈ ತೊಡಕು ಬಿಡಿಸಬೇಕಿತ್ತು. ಡಾಕ್ಟರುಗಳನ್ನು ಹೆದರಿಸುವುದು ಸುಲಭ, ನಿಯಮ ತಿದ್ದುವುದು ಕಷ್ಟ.

ಜನೌಷಧಿ ಅಂಗಡಿಗಳ ಕತೆಯೂ ಇದೇ ಗೊಂದಲದ್ದು. 2008ರಲ್ಲಿ ಶುರುವಾದ ಯೋಜನೆ ಇದು, ಕಡಿಮೆ ಬೆಲೆಗೆ ಜೆನೆರಿಕ್ ಮಾತ್ರೆ ಮಾರುತ್ತದೆ. ಪೇಟೆಗಳಲ್ಲಿ ಇದರಿಂದ ಎಷ್ಟೋ ಮನೆಗಳ ಬಿಪಿ, ಶುಗರ್ ಖರ್ಚು ಇಳಿದಿದೆ. 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ, ಸರ್ಕಾರಿ ಆಸ್ಪತ್ರೆಯ ಆವರಣದೊಳಗಿನ ಜನೌಷಧಿ ಕೇಂದ್ರಗಳನ್ನು ಮುಚ್ಚಿಸಲು ಹೊರಟಿತು. ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ ಕೊಡುವಾಗ ಅದೇ ಅಂಗಳದಲ್ಲಿ ದುಡ್ಡು ತೆಗೆದುಕೊಳ್ಳುವ ಅಂಗಡಿ ಏಕೆ ಎಂಬುದು ಸರ್ಕಾರದ ಪ್ರಶ್ನೆ. ಕೇಂದ್ರ ನಡೆಸುವವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದರು, ಆದೇಶಕ್ಕೆ ತಡೆ ಸಿಕ್ಕಿತು. ಇದರಲ್ಲಿ ಪಕ್ಷ ರಾಜಕೀಯ ಎಷ್ಟು, ನೀತಿ ಎಷ್ಟು ಎಂದು ಓದುಗರೇ ಲೆಕ್ಕ ಹಾಕಲಿ. ಸರ್ಕಾರದ ಪ್ರಶ್ನೆ ನ್ಯಾಯವಾದದ್ದು, ಒಳಗಿನ ಕಿಟಕಿಯಲ್ಲಿ ಎಲ್ಲ ಮಾತ್ರೆಯೂ ವರ್ಷವಿಡೀ ಸಿಗುವುದಾದರೆ. ಸಿಗದಿರುವಾಗ ಅಂಗಡಿ ಮುಚ್ಚಿಸಿದರೆ ಬಡವರು ಗೇಟಿನ ಹೊರಗಿನ ಮೆಡಿಕಲ್ ಶಾಪಿಗೆ ಹೋಗಿ ಇಮ್ಮಡಿ ದುಡ್ಡು ಕೊಡಬೇಕಾಗುತ್ತದೆ.

"ಸರ್ಕಾರಿ ಮಾತ್ರೆಗೆ ಪವರ್ ಇಲ್ಲ" ಎಂಬ ನಂಬಿಕೆಗೆ ಉತ್ತರ ಕೊಡುವುದು ಮಾತ್ರ ಇಷ್ಟು ಸುಲಭವಲ್ಲ. ನಿಗಮಕ್ಕೆ ಬಂದ ಔಷಧಿಯ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಪಾಸಾದದ್ದನ್ನು ಮಾತ್ರ ಹಂಚುವುದು ಪದ್ಧತಿ. ಮೆಡಿಕಲ್ ಶಾಪಿನ ದುಬಾರಿ ಮಾತ್ರೆಗೂ ಇಷ್ಟು ಪರೀಕ್ಷೆ ಆಗುವುದಿಲ್ಲ. ಆದರೆ 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಐದು ಜೀವ. ಬೊಟ್ಟು ಹೋದದ್ದು ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ. ಆ ಕಂಪನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಅದಕ್ಕೂ ಮೊದಲೇ ಫೇಲು ಮಾಡಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು. ಎರಡು ಸರ್ಕಾರಿ ವರದಿಗಳ ನಡುವಿನ ಸಂದಿಯಲ್ಲಿ ಬಾಟಲಿಗಳು ವಾರ್ಡಿಗೆ ಬಂದಿದ್ದವು. ಸಾವುಗಳ ನಂತರ ರಾಜ್ಯ ಔಷಧ ನಿಯಂತ್ರಕರ ಅಮಾನತಾಯಿತು.

ಖಾಸಗಿ ಡಾಕ್ಟರಿಗೆ ಒಂದು ಕಂಪನಿಯ ಮೇಲೆ ಅನುಮಾನ ಬಂದರೆ ನಾಳೆಯಿಂದ ಬೇರೆಯದನ್ನು ಬರೆಯುತ್ತಾರೆ. ಸರ್ಕಾರಿ ಡಾಕ್ಟರಿಗೆ ಆ ಆಯ್ಕೆ ಇಲ್ಲ. ಕಂಪನಿಯನ್ನು ಆರಿಸುವುದು ಟೆಂಡರು, ಗೆಲ್ಲುವುದು ಕಡಿಮೆ ಬೆಲೆ. ಪಟ್ಟಿಯಲ್ಲಿ ಇರುವುದನ್ನೇ ಬರೆಯಿರಿ ಎಂದು ಡಾಕ್ಟರ ಕೈ ಕಟ್ಟುವ ಸರ್ಕಾರಕ್ಕೆ, ಪಟ್ಟಿಯಲ್ಲಿನ ಒಂದೊಂದು ಬಾಟಲಿಯೂ ಚೊಕ್ಕ ಎಂದು ಖಾತರಿ ಕೊಡುವ ಹೊಣೆ ಅಷ್ಟೇ ಬಿಗಿಯಾಗಿ ಇರಬೇಕು. ಬಳ್ಳಾರಿಯಲ್ಲಿ ಅದು ಇರಲಿಲ್ಲ.

ಪಟ್ಟಿ ಬೆಂಗಳೂರಿನದು, ಕಾಯಿಲೆ ಮಲೆನಾಡಿನದು ಎಂಬುದು ಇನ್ನೊಂದು ಕಷ್ಟ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕ ಈ ರೋಗ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡನ್ನು ಹಿಂಡಿತು. ಇದನ್ನು ವಾಸಿ ಮಾಡುವ ಔಷಧಿ ಯಾವ ಪಟ್ಟಿಯಲ್ಲೂ ಇಲ್ಲ, ಏಕೆಂದರೆ ಜಗತ್ತಿನಲ್ಲೇ ಇಲ್ಲ. ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು ನಿಂತುಹೋಗಿ, ಹೊಸದರ ಕೆಲಸ ನಡೆಯುತ್ತಿದೆ. ಇರುವುದು ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ, ಜ್ವರಕ್ಕೆ ಪ್ಯಾರಾಸಿಟಮಾಲ್, ಡ್ರಿಪ್ಪು, ರಕ್ತದ ಮೇಲೆ ನಿಗಾ. ರಕ್ತಸ್ರಾವದ ಭಯ ಇರುವ ಜ್ವರವಾದ್ದರಿಂದ ಆಸ್ಪಿರಿನ್, ಡೈಕ್ಲೋಫಿನ್ಯಾಕ್‌ನಂಥ ನೋವಿನ ಔಷಧಿ ಕೊಡಬಾರದು, ಸ್ನಾಯುವಿಗೆ ಚುಚ್ಚಲೂಬಾರದು. ಆದರೆ ಮೈಕೈ ನೋವು ತಾಳಲಾರದೆ ಬಂದವರು "ಒಂದು ಇಂಜೆಕ್ಷನ್ ಹಾಕಿ ಡಾಕ್ಟ್ರೇ" ಎನ್ನುತ್ತಾರೆ. ಹಾಕದ ಡಾಕ್ಟರಿಗೆ ಏನೂ ಬರುವುದಿಲ್ಲ ಎಂಬ ಬಿರುದು ಸಿಗುತ್ತದೆ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ಊರಿನಲ್ಲಿ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಕೊಟ್ಟು ರಕ್ತ ಪರೀಕ್ಷೆಗೆ ಕಳಿಸಿದ ಡಾಕ್ಟರು ನಿಮ್ಮ ಪಾಲಿನ ಒಳ್ಳೆಯ ಡಾಕ್ಟರು.

ಹಾವಿನ ವಿಷಯದಲ್ಲಿ ಪಟ್ಟಿಯೂ ಡಾಕ್ಟರೂ ಕೈಚೆಲ್ಲುವ ಸಂದರ್ಭ ಉಂಟು. ಸರ್ಕಾರಿ ಆಸ್ಪತ್ರೆಗಳಿಗೆ ಬರುವ ಪ್ರತಿವಿಷ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಮ್ಮ ಅಡಿಕೆ ತೋಟದಲ್ಲಿ, ತರಗೆಲೆಯ ನಡುವೆ ಕಾಲಿಗೆ ಸಿಗುವ ಉಬ್ಬುಮೂಗಿನ ಗುಳಿಮಂಡಲ ಈ ನಾಲ್ಕರಲ್ಲಿ ಇಲ್ಲ. ಅದರ ವಿಷಕ್ಕೆ ಈ ಪ್ರತಿವಿಷ ನಾಟುವುದಿಲ್ಲ. ಆಗುಂಬೆಯ ಹೆಮ್ಮೆಯಾದ ಕಾಳಿಂಗ ಸರ್ಪಕ್ಕೂ ಇದರಲ್ಲಿ ಉತ್ತರವಿಲ್ಲ, ಪುಣ್ಯಕ್ಕೆ ಅದು ಕಚ್ಚುವುದು ಅಪರೂಪ. ಗುಳಿಮಂಡಲ ಕಚ್ಚಿದವರಿಗೆ ಬಾಟಲಿಗಟ್ಟಲೆ ಪ್ರತಿವಿಷ ಹಾಕಿದರೆ ಲಾಭವಿಲ್ಲ, ಅಲರ್ಜಿಯ ಅಪಾಯ ಮಾತ್ರ ಖಂಡಿತ. ಯಾವ ಹಾವೆಂದು ಗೊತ್ತಿಲ್ಲದಾಗ ಡಾಕ್ಟರು ಗಾಜಿನ ನಳಿಕೆಯಲ್ಲಿ ರಕ್ತ ಹಿಡಿದು 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೋ ನೋಡುತ್ತಾರೆ. ಯಾವ ಪಿಎಚ್‌ಸಿಯಲ್ಲೂ ಮಾಡಬಹುದಾದ ಪರೀಕ್ಷೆ ಅದು. ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿ ಎಂದು ಸಾರಿದೆ. ಆ ವರದಿಗಳಲ್ಲಿ ಯಾವ ಹಾವು ಎಂಬುದೂ ಸೇರುತ್ತಾ ಹೋದರೆ, ಮಲೆನಾಡಿಗೆ ಬೇರೆ ಪ್ರತಿವಿಷ ಬೇಕೆಂದು ಕೇಳಲು ನಮ್ಮ ಕೈಯಲ್ಲಿ ಆಧಾರ ಇರುತ್ತದೆ.

ಪಿಎಚ್‌ಸಿಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಯಮ ಬೇರೆ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಡಾಕ್ಟರಲ್ಲ. ಬಿಪಿ, ಶುಗರಿಗೆ ಔಷಧಿಯನ್ನು ಡಾಕ್ಟರು ಶುರು ಮಾಡಬೇಕು, ಆಮೇಲೆ ತಿಂಗಳು ತಿಂಗಳು ಕೊಡುವುದು ಇವರು. ಬಿಪಿಗೆ ಸರ್ಕಾರಿ ಕ್ರಮದಲ್ಲಿ ಸಾಮಾನ್ಯವಾಗಿ ಮೊದಲ ಮೆಟ್ಟಿಲು ಅಮ್ಲೋಡಿಪಿನ್ 5 ಮಿಲಿಗ್ರಾಂ, ಸಾಲದಿದ್ದರೆ ಜೊತೆಗೆ ಟೆಲ್ಮಿಸಾರ್ಟನ್. "ಎಲ್ಲರಿಗೂ ಅದೇ ಮಾತ್ರೆ ಕೊಡ್ತಾರೆ" ಎಂಬ ದೂರಿಗೆ ಕಾರಣ ಇದು. ಎಲ್ಲರಿಗೂ ಅದೇ ಮಾತ್ರೆ ಕೊಡುವುದರಿಂದಲೇ ಅದು ಅಗ್ಗವಾಗಿ, ತಪ್ಪದೆ ಸಿಗುತ್ತದೆ. ಮಲೆನಾಡಿನ ಗೂಡಂಗಡಿಯಲ್ಲಿ ಬೀಡಿ, ಬೆಲ್ಲದ ಜೊತೆ ಪ್ಯಾರಾಸಿಟಮಾಲ್ ನೇತುಹಾಕಿರುತ್ತಾರಲ್ಲ, ಅದೂ ಬೇಕಾಬಿಟ್ಟಿ ಅಲ್ಲ: ಸಾವಿರ ಜನಸಂಖ್ಯೆ ಮೀರದ ಹಳ್ಳಿಯಲ್ಲಿ ಕೆಲವು ಮನೆಮದ್ದಿನಂಥ ಮಾತ್ರೆಗಳನ್ನು ಲೈಸೆನ್ಸ್ ಇಲ್ಲದೆ ಮಾರಲು ನಿಯಮದಲ್ಲೇ ಅವಕಾಶವಿದೆ. ಆ್ಯಂಟಿಬಯಾಟಿಕ್ ಮಾರಲು ಇಲ್ಲ. ಅಂಥದ್ದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಪಟ್ಟಿ ಇರಬೇಕು, ಬಿಗಿಯಾಗಿಯೇ ಇರಬೇಕು. ಟಾನಿಕ್ಕು, ಅನಗತ್ಯ ಇಂಜೆಕ್ಷನ್ನು, ಮೂರು ಔಷಧಿ ಒಟ್ಟಿಗೆ ಬೆರೆಸಿದ ನೆಗಡಿ ಮಾತ್ರೆ ಇವನ್ನೆಲ್ಲ ಸರ್ಕಾರಿ ಡಾಕ್ಟರು ಬರೆಯದಿರುವುದೇ ಒಳ್ಳೆಯದು. ಅಂಥ 156 ಬೆರಕೆ ಔಷಧಿಗಳನ್ನು ಕೇಂದ್ರ ಸರ್ಕಾರವೇ 2024ರ ಆಗಸ್ಟಿನಲ್ಲಿ ನಿಷೇಧಿಸಿತು. ಆದರೆ ಪಟ್ಟಿ ಬಿಗಿಯಾದಷ್ಟೂ ಕಪಾಟು ತುಂಬಿರಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಯ ದೂರದ ಪಿಎಚ್‌ಸಿಗಳಿಗೆ ಜೂನ್ ಒಂದರೊಳಗೆ ಮಳೆಗಾಲದಷ್ಟೂ ದಿನಕ್ಕೆ ಸಾಲುವ ಬಿಪಿ, ಶುಗರ್, ಅಪಸ್ಮಾರದ ಮಾತ್ರೆಗಳನ್ನು ತಲುಪಿಸಬೇಕು. ಪ್ರತಿವಿಷ, ಹುಚ್ಚುನಾಯಿ ಕಡಿತದ ಲಸಿಕೆ ತಾಲ್ಲೂಕಿನಲ್ಲಿದ್ದರೆ ಸಾಕು ಎನ್ನಬಾರದು. ಇದನ್ನು ಮಾಡಿಸುವ ಶಕ್ತಿ ಮೂರು ತಾಲ್ಲೂಕಿನ ಶಾಸಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಇದೆ.

ನಮ್ಮ ಕೈಯಲ್ಲಿ ಆಗುವುದೂ ಇದೆ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ, ಖಾಲಿಯಾದದ್ದು ಸಹಿತ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸ್ಟ್ರಿಪ್ಪಿನಲ್ಲಿ ಬ್ರ್ಯಾಂಡಿನ ಹೆಸರಿನ ಹತ್ತಿರವೇ ಮೂಲ ಹೆಸರು ಇರುತ್ತದೆ. ಓದಲು ಬಾರದಿದ್ದರೆ ಫಾರ್ಮಸಿ ಅಧಿಕಾರಿಗೆ ತೋರಿಸಿ, "ಇದೂ ಅದೂ ಒಂದೆಯಾ?" ಎಂದು ಕೇಳಿ. ಬಿಳಿ ಹಾಳೆಯಲ್ಲಿ ಹೊರಗಿನ ಔಷಧಿ ಬರೆದುಕೊಟ್ಟರೆ, ಜಗಳ ಮಾಡದೆ, ಆಸ್ಪತ್ರೆಯ ಚೀಟಿಯಲ್ಲೇ ಬರೆದುಕೊಡಿ ಎಂದು ಹೇಳಿ. ನಿಮ್ಮ ಪಿಎಚ್‌ಸಿಯಲ್ಲಿ ಇರಬೇಕಾದ ಔಷಧಿಗಳ ಪಟ್ಟಿಯನ್ನು ಕನ್ನಡದಲ್ಲಿ ಗೋಡೆಗೆ ಹಾಕಿಸಲು ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಿಗೆ ಅರ್ಜಿ ಕೊಡಿ. ಅಷ್ಟಕ್ಕೂ ಔಷಧಿ ಸಿಗದಿದ್ದರೆ ಆರೋಗ್ಯ ಇಲಾಖೆಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಕರೆಗೆ ದುಡ್ಡಿಲ್ಲ.